ನಗು ಕಾಣುವ ಹಾಗೆ ದೀಪ ಹಾಕಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ವಾಚನಾಲಯದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಸಭೆಯಲ್ಲಿ ನಡುನಡುವೆ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಮಾತಾಡಿದ್ದು ನಿಮಗೆ ಕೇಳುತ್ತದೆ, ನೀವು ಮಾತಾಡಿದ್ದು ನನಗೆ ಕೇಳುವುದಿಲ್ಲ. ಎರಡನೇ ಕ್ಲಾಸಿನಲ್ಲಿರುವಾಗ ಮೆದುಳು ಜ್ವರ ಬಂತು. ಜ್ವರ ಬಿಟ್ಟಿತು, ಕಿವಿ ಹೋಯಿತು. ಅಷ್ಟರೊಳಗೆ ಮಾತು ಕಲಿತಾಗಿತ್ತು, ಅದು ಉಳಿಯಿತು. ಕಿವಿಗೆ ಹಾಕಿರುವ ಈ ಮೆಷಿನ್‌ನಿಂದ ಏನೋ ಸದ್ದಾಯಿತು ಎಂದು ತಿಳಿಯುತ್ತದೆ, ಅಷ್ಟೇ. ಬಾಗಿಲು ಬಡಿದದ್ದೂ ನೀವು ನಕ್ಕದ್ದೂ ನನಗೆ ಒಂದೇ ತರಹದ ಸದ್ದು.

ನಾನು ಸ್ಟ್ಯಾಂಡಪ್ ಕಾಮಿಡಿ ಮಾಡುತ್ತೇನೆ. ಕೇಳುವವರ ಎದುರು ಕನ್ನಡ, ತುಳುವಿನಲ್ಲಿ ಬಾಯಿಬಿಟ್ಟು ಮಾಡುತ್ತೇನೆ. ಕಿವುಡರ ಎದುರು ಸಂಜ್ಞೆ ಭಾಷೆಯಲ್ಲಿ ಕೈಯಿಂದ ಮಾಡುತ್ತೇನೆ. ಕಿವಿ ಕೇಳದೆ ಜನರನ್ನು ನಗಿಸುವುದು ಹೇಗೆ ಎಂದು ಹೇಳಬೇಕು ಅಂತ ಇಲ್ಲಿನವರು ಕೇಳಿದ್ದಾರೆ. ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ. ಇಷ್ಟು ಕಾಲ ಊರು ನಗುತ್ತಿದ್ದಾಗ ಕಿವುಡರು ಎಲ್ಲಿದ್ದರು?

ನಮ್ಮದು ಮಾತಿನ ಊರು. ಯಕ್ಷಗಾನಕ್ಕೆ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬನನ್ನು ಕೊಟ್ಟದ್ದು ಇದೇ ಕುಂಬಳೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಕುಂಬಳೆ ಸುಂದರ ರಾಯರು, ಇವರೆಲ್ಲ ಬರೀ ಮಾತಿನಿಂದ ಇಡೀ ರಾತ್ರಿ ಜನರನ್ನು ಕೂರಿಸಿದವರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತು ಅರ್ಥ ಹೇಳುವುದು. ಕೇಳುವವರಿಗೆ ಅದಕ್ಕಿಂತ ದೊಡ್ಡ ಸುಖ ಇಲ್ಲ. ಕೇಳದವರಿಗೆ ಅಲ್ಲಿ ಮದ್ದಳೆಯ ಮೇಲೆ ಓಡುವ ಬೆರಳು ಬಿಟ್ಟರೆ ಬೇರೇನೂ ಇಲ್ಲ.

ಆಟಕ್ಕೆ, ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನಕ್ಕೆ, ಹೋದರೆ ಬೇರೆ. ಅಜ್ಜ ನನ್ನನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಕಿವಿ ಹೋದ ಮೇಲೂ ಬಿಡಲಿಲ್ಲ. ಹಾಸ್ಯಗಾರ ರಂಗಸ್ಥಳಕ್ಕೆ ಬರುವ ನಡಿಗೆಯಲ್ಲೇ ಅರ್ಧ ನಗು ಇರುತ್ತದೆ. ದೂತನಾಗಿ ಬಂದು ರಾಜನ ಎದುರು ನಿಂತಾಗ ಮೊಣಕಾಲು ಎಷ್ಟು ಬಗ್ಗಿದೆ, ಕುತ್ತಿಗೆ ಯಾವ ಕಡೆ ತಿರುಗಿದೆ ನೋಡಿ. ಮಾತು ಆಮೇಲೆ. ಈಗ ನಾನು ಸ್ಟೇಜಿನಲ್ಲಿ ಮಾಡುವುದರಲ್ಲಿ ಬಹಳಷ್ಟನ್ನು ಹಾಗೆ ನೋಡಿ ಕಲಿತೆ. ಹಾಸ್ಯ ಕಿವಿಯದ್ದು ಮಾತ್ರ ಅಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಆದರೆ ಸಂಭಾಷಣೆ ಶುರುವಾದರೆ ನಾನು ಹೊರಗೆ. ಸುತ್ತ ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ ನಾನು ಅಜ್ಜನ ಮುಖ ನೋಡುವುದು.

ಕಿವುಡರಾಗಿ ಬೆಳೆದವರಿಗೆಲ್ಲ ಗೊತ್ತಿರುವ ಒಂದು ಜಾಗ ಇದೆ. ಅದು ಊಟದ ಪಂಕ್ತಿ. ಮದುವೆ ಮನೆ, ಇಪ್ಪತ್ತು ಜನ ನೆಂಟರು, ಎಲೆ ಹಾಕಿ ಕೂತಾಗಿದೆ. ಚಿಕ್ಕಪ್ಪ ಏನೋ ಹೇಳಿದರು. ಎಲ್ಲರೂ ನಕ್ಕರು. ಅತ್ತೆಗೆ ಬಿಕ್ಕಳಿಕೆ ಬರುವಷ್ಟು ನಗು. ನಾನು ಪಕ್ಕದಲ್ಲಿದ್ದ ಅಕ್ಕನ ತೋಳು ಹಿಡಿದು ಎಂಥ ಹೇಳಿದರು ಎಂದು ಕೇಳಿದೆ. ಅವಳು ನಗುತ್ತಲೇ, "ಎಂಥದೂ ಇಲ್ಲ, ಆಮೇಲೆ ಹೇಳ್ತೇನೆ" ಎಂದಳು. ಅಷ್ಟರಲ್ಲಿ ಇನ್ನೊಂದು ಮಾತು, ಇನ್ನೊಂದು ನಗು. ಆಮೇಲೆ ಹೇಳುವಾಗ ಅದು ಜೋಕ್ ಆಗಿ ಉಳಿಯುವುದಿಲ್ಲ, ಸುದ್ದಿ ಆಗಿರುತ್ತದೆ. "ಚಿಕ್ಕಪ್ಪ ಪಾಯಸದ ವಿಷಯ ಏನೋ ಹೇಳಿದ್ರು." ಅಷ್ಟೇ.

ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಈಗ ನನ್ನ ಎಲ್ಲ ಶೋಗಳಲ್ಲೂ ನನ್ನ ಜೊತೆ ಇರುವವಳು ಅವಳೇ. ಆದರೆ ನೀವು ಒಂದು ಸಲ ಯೋಚಿಸಿ. ಒಂದು ಮಗು ಹತ್ತು ಹದಿನೈದು ವರ್ಷ ಹೀಗೆ ಪ್ರತಿ ಊಟದಲ್ಲೂ, ಪ್ರತಿ ಹಬ್ಬದಲ್ಲೂ ನಗುವಿನ ಹೊರಗೆ ಕೂತರೆ? ಅನ್ನ ಕೊಟ್ಟಿದ್ದಾರೆ, ಬಟ್ಟೆ ಕೊಟ್ಟಿದ್ದಾರೆ, ಶಾಲೆಗೆ ಕಳಿಸಿದ್ದಾರೆ. ನಗುವನ್ನು ಮಾತ್ರ ಯಾರೂ ಕೊಟ್ಟಿಲ್ಲ. ನಾನು ಸ್ಟೇಜು ಹತ್ತಿದ್ದು ಇದಕ್ಕೆ. ಅಲ್ಲಿ ನಗು ನನ್ನಿಂದ ಶುರುವಾಗುತ್ತದೆ. ಯಾಕೆ ನಗುತ್ತಿದ್ದಾರೆ ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ತುಟಿ ಓದುತ್ತೀರಲ್ವಾ, ಮತ್ತೇನು ತೊಂದರೆ ಎಂದು ಕೇಳುವವರಿದ್ದಾರೆ. ತುಟಿ ಓದುವುದು ಅರ್ಧಕ್ಕಿಂತ ಜಾಸ್ತಿ ಊಹೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ತರ ಮುಚ್ಚುತ್ತದೆ. ಪಟ, ಭಟ, ಮಠ, ಬರೀ ತುಟಿ ನೋಡಿದರೆ ಮೂರೂ ಒಂದೇ. ಕ, ಗ, ಹ ಒಳಗಿನಿಂದ ಬರುತ್ತವೆ, ಕಾಣುವುದೇ ಇಲ್ಲ. ಹಿಂದೆ ಮುಂದೆ ಏನು ಮಾತು ನಡೆಯುತ್ತಿದೆ ಎಂದು ಗೊತ್ತಿದ್ದರೆ ಮಾತ್ರ ಜೋಡಿಸಿಕೊಳ್ಳಬಹುದು. ಜೋಕ್ ಅಂದರೆ ಹಿಂದೆ ಮುಂದೆ ಇಲ್ಲದ ಕಡೆಯಿಂದ ಬರುವ ಮಾತು. ಹಾಗಾಗಿ ತುಟಿ ಓದುವವರಿಗೆ ಎಲ್ಲಕ್ಕಿಂತ ಕಷ್ಟ ಜೋಕೇ.

ಅದರ ಮೇಲೆ ಇದು ಕಾಸರಗೋಡು. ಪೇಟೆಯಲ್ಲಿ ಒಂದು ಅಂಗಡಿಗೆ ಹೋಗಿ ನಿಲ್ಲಿ. ಅಂಗಡಿಯವರು ಒಬ್ಬರ ಹತ್ತಿರ ಮಲಯಾಳ, ಇನ್ನೊಬ್ಬರ ಹತ್ತಿರ ಬ್ಯಾರಿ, ಮತ್ತೊಬ್ಬರ ಹತ್ತಿರ ತುಳು ಮಾತಾಡುತ್ತಾರೆ. ನನ್ನ ಕಡೆ ತಿರುಗುವಾಗ ಕನ್ನಡ ಬರಬಹುದು, ಕೊಂಕಣಿಯೂ ಬರಬಹುದು. ಬೇರೆ ಊರಿನ ಕಿವುಡರಿಗೆ ಎದುರಿನವರು ಏನು ಹೇಳಿದರು ಎಂದು ಹಿಡಿದರೆ ಸಾಕು. ನಾವು ಮೊದಲು ಯಾವ ಭಾಷೆ ಎಂದು ಹಿಡಿಯಬೇಕು. ಅದು ಹಿಡಿಯುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಫೋನಿನಲ್ಲಿ ಈಗ ಮಾತನ್ನು ಅಕ್ಷರ ಮಾಡುವ ಆ್ಯಪ್‌ಗಳು ಬಂದಿವೆ, ಕನ್ನಡಕ್ಕೂ ಇವೆ. ನಾನೂ ಬಳಸುತ್ತೇನೆ. ಆದರೆ ನಮ್ಮವರು ಒಂದೇ ವಾಕ್ಯದಲ್ಲಿ ತುಳು, ಮಲಯಾಳ, ಕನ್ನಡ ಮೂರನ್ನೂ ಬೆರೆಸುತ್ತಾರೆ. ಆಗ ಪರದೆಯಲ್ಲಿ ಬರುವುದಕ್ಕೆ ಅರ್ಥವೇ ಇರುವುದಿಲ್ಲ.

ನನಗೆ ಗೊತ್ತಿರುವ ಒಬ್ಬಳು ಹುಡುಗಿ ಹುಟ್ಟಿನಿಂದ ಕಿವುಡಿ. ಮನೆಯಲ್ಲಿ ತುಳು. ಕಿವುಡ ಮಕ್ಕಳ ಶಾಲೆಯಲ್ಲಿ ಅವಳಿಗೆ ಕಲಿಸಿದ್ದು ಮಲಯಾಳ. ತಾಯಿಗೆ ಮಲಯಾಳ ಓದಲು ಬರುವುದಿಲ್ಲ, ಕನ್ನಡ ಮಾತ್ರ ಬರುತ್ತದೆ. ಹಾಗಾಗಿ ಮಗಳು ಬರೆದು ತೋರಿಸಿದ್ದನ್ನು ತಾಯಿ ಓದಲಾರಳು. ಗಡಿನಾಡಿನ ಕನ್ನಡಿಗರ ಕಷ್ಟ ಎಂದು ನಾವು ಸಭೆ ಸಭೆಗಳಲ್ಲಿ ಮಾತಾಡುತ್ತೇವೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಮಾತಾಡುತ್ತಲೇ ಇದ್ದೇವೆ. ಈ ತಾಯಿ ಮಗಳ ವಿಷಯವನ್ನು ಯಾರೂ ಎತ್ತಿದ್ದು ನನಗೆ ಗೊತ್ತಿಲ್ಲ.

ನಮ್ಮ ಹಾಸ್ಯದಲ್ಲಿ ಕಿವುಡರು ಇರಲೇ ಇಲ್ಲ ಎಂದಲ್ಲ. ಇದ್ದರು. ನಾಟಕದಲ್ಲಿ, ಶಾಲಾ ವಾರ್ಷಿಕೋತ್ಸವದ ಪ್ರಹಸನದಲ್ಲಿ ಒಬ್ಬ ಕೆಪ್ಪ ಇದ್ದೇ ಇರುತ್ತಾನೆ. "ನಿನ್ನ ಹೆಂಡತಿ ಹೇಗಿದ್ದಾಳೆ?" ಎಂದರೆ "ಕಿಲೋಗೆ ನಲವತ್ತು" ಎನ್ನುತ್ತಾನೆ. ಜನ ನಗುತ್ತಾರೆ. ಆ ಪಾತ್ರ ಮಾಡುವವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಬರೆದವನಿಗೂ ಕೇಳುತ್ತದೆ. ನಗುವವರಿಗೂ ಕೇಳುತ್ತದೆ. ಕೇಳದವನು ಅಲ್ಲಿ ಸರಕು ಮಾತ್ರ.

ಈಗ ಇನ್ನೊಂದು ಜೋಕ್ ಹೇಳುತ್ತೇನೆ. ಇದು ಕಿವುಡರೇ ಕಿವುಡರಿಗೆ ಹೇಳುವುದು. ಅಮೆರಿಕದ ಕಿವುಡರಲ್ಲಿ ಬಹಳ ಹಳೆಯ ಜೋಕ್. ಹೊಸದಾಗಿ ಮದುವೆಯಾದ ಕಿವುಡ ಜೋಡಿ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದೆ. ನಡುರಾತ್ರಿ ಗಂಡ ಏನೋ ತರಲಿಕ್ಕೆ ಕಾರಿನ ಹತ್ತಿರ ಹೋದ. ತಿರುಗಿ ನೋಡಿದರೆ ಎಲ್ಲ ರೂಮುಗಳೂ ಒಂದೇ ತರ, ಎಲ್ಲ ಕಡೆ ಕತ್ತಲೆ. ರೂಮಿನ ನಂಬರು ಮರೆತುಹೋಗಿದೆ. ಸ್ವಲ್ಪ ಹೊತ್ತು ಯೋಚಿಸಿದ. ಕಾರಿನಲ್ಲಿ ಕೂತು ಹಾರ್ನ್ ಒತ್ತಿ ಹಿಡಿದ. ಒಂದೊಂದೇ ರೂಮಿನಲ್ಲಿ ಲೈಟು ಹತ್ತಿತು. ಒಂದು ರೂಮು ಮಾತ್ರ ಕತ್ತಲೆಯಲ್ಲೇ ಉಳಿಯಿತು. ಅವನು ಸೀದಾ ಆ ರೂಮಿಗೆ ಹೋಗಿ ಮಲಗಿದ.

ನೀವು ನಕ್ಕಿರಿ, ನನಗೆ ಕಾಣಿಸಿತು. ಈ ಎರಡು ಜೋಕುಗಳಲ್ಲೂ ಕಿವಿ ಕೇಳುವುದಿಲ್ಲ. ಮೊದಲನೆಯದರಲ್ಲಿ ಕಿವುಡ ದಡ್ಡ. ಎರಡನೆಯದರಲ್ಲಿ ಅವನೇ ಬುದ್ಧಿವಂತ, ಹೆಂಡತಿಗೆ ಕೇಳುವುದಿಲ್ಲ ಎಂಬುದೇ ಅವನಿಗೆ ದಾರಿ ತೋರಿಸಿತು. ನಿದ್ದೆಗೆಟ್ಟವರು ಕಿವಿ ಕೇಳುವವರು. ಕಿವುಡುತನದ ಬಗ್ಗೆ ಜೋಕ್ ಮಾಡಲೇಬಾರದು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಧಾರಾಳ ಮಾಡಿ. ಆದರೆ ಅದರಲ್ಲಿ ಕಿವುಡನ ಬದುಕು ಇರಬೇಕು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಒಂದು ಸಿನಿಮಾಕ್ಕೆ ಸಂಬಂಧಿಸಿದ ಕೇಸಿನಲ್ಲಿ ಇದನ್ನೇ ಬಿಡಿಸಿ ಹೇಳಿತು. ಅಂಗವೈಕಲ್ಯವನ್ನು ಜನ ಚೆನ್ನಾಗಿ ಅರ್ಥ ಮಾಡಿಕೊಳ್ಳುವಂತೆ ಮಾಡುವ ಹಾಸ್ಯ ಬೇರೆ, ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ. ಕಾನೂನಿನ ಪುಸ್ತಕದಲ್ಲಿ ಹಾಸ್ಯದ ಬಗ್ಗೆ ಇಷ್ಟು ಒಳ್ಳೆಯ ಮಾತು ಬರಬಹುದು ಎಂದು ನಾನು ಎಣಿಸಿರಲಿಲ್ಲ.

ಇನ್ನು ಕೆಲಸದ ವಿಷಯ. ಸ್ಟೇಜಿನಲ್ಲಿ ನಾನು ಏನು ಮಾಡುತ್ತೇನೆ?

ಕಿವಿ ಕೇಳುವ ಕಾಮಿಡಿಯನ್‌ಗೆ ನಗು ಅಂದರೆ ಸದ್ದು. ಸದ್ದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯಲು ಶುರುವಾಗುತ್ತದೆ. ಪೂರ್ತಿ ಇಳಿಯುವ ಸ್ವಲ್ಪ ಮೊದಲು ಮುಂದಿನ ಮಾತು ಹಾಕಬೇಕು. ಬೇಗ ಹಾಕಿದರೆ ಆ ಮಾತು ಯಾರಿಗೂ ಕೇಳುವುದಿಲ್ಲ. ತಡ ಮಾಡಿದರೆ ಸಭೆ ತಣ್ಣಗಾಗುತ್ತದೆ. ಟೈಮಿಂಗ್ ಎಂದು ಹೇಳುವುದು ಇದಕ್ಕೇ. ಎಲ್ಲರೂ ಇದನ್ನು ಕಿವಿಯಿಂದ ಮಾಡುತ್ತಾರೆ. ನಾನು ಕಣ್ಣಿನಿಂದ ಮಾಡಬೇಕು.

ಮುಖ ನೋಡಿದರೆ ಸಾಕಲ್ವಾ ಎಂದು ನಿಮಗೆ ಅನ್ನಿಸಬಹುದು. ಸಾಕಾಗುವುದಿಲ್ಲ. ಮುಖ ಮರ್ಯಾದೆಗೂ ನಗುತ್ತದೆ. ನಮ್ಮ ಕಡೆಯವರು ಬಹಳ ಮರ್ಯಾದಸ್ಥರು, ಜೋಕ್ ಇಷ್ಟವಾಗದಿದ್ದರೂ ಹಲ್ಲು ತೋರಿಸುತ್ತಾರೆ. ನಾನು ನೋಡುವುದು ಭುಜ. ನಿಜವಾದ ನಗು ಬಂದರೆ ಭುಜ ಕುಲುಕುತ್ತದೆ. ಅದನ್ನು ಬೇಕೆಂದು ಮಾಡಲಿಕ್ಕೆ ಆಗುವುದಿಲ್ಲ, ತಡೆಯಲಿಕ್ಕೂ ಆಗುವುದಿಲ್ಲ. ಹೆಂಗಸರು ಸೆರಗನ್ನೋ ಶಾಲನ್ನೋ ಬಾಯಿಗೆ ಅಡ್ಡ ಹಿಡಿಯುತ್ತಾರೆ. ಆಗ ಬಾಯಿ ಕಾಣುವುದಿಲ್ಲ, ಕಣ್ಣು ಸಣ್ಣದಾಗುವುದು ಕಾಣುತ್ತದೆ. ಗಂಡಸರು ಪಕ್ಕದವನ ತೊಡೆಗೆ ಹೊಡೆಯುತ್ತಾರೆ. ಮಕ್ಕಳು ನಗುವ ಮೊದಲು ಒಂದು ಕ್ಷಣ ಅಪ್ಪ ಅಮ್ಮನ ಮುಖ ನೋಡುತ್ತಾರೆ. ತುಂಬ ವಯಸ್ಸಾದವರು ನಗುವುದೇ ಇಲ್ಲ, ಸ್ವಲ್ಪ ಹೊತ್ತಿನ ಮೇಲೆ ತಲೆ ಆಡಿಸುತ್ತಾರೆ. ಅದು ಅವರ ಕಡೆಯಿಂದ ದೊಡ್ಡ ಬಹುಮಾನ.

ನಗು ಮುಗಿಯುವುದು ಹೇಗೆ ಗೊತ್ತಾಗುತ್ತದೆ? ಜನ ಕಣ್ಣೊರೆಸುತ್ತಾರೆ, ಕುರ್ಚಿಯಲ್ಲಿ ಸರಿಯಾಗಿ ಕೂರುತ್ತಾರೆ, ಪಕ್ಕದವರನ್ನು ಒಂದು ಸಲ ನೋಡುತ್ತಾರೆ. ಆಮೇಲೆ ಕಣ್ಣುಗಳು ಒಂದೊಂದೇ ಸ್ಟೇಜಿನ ಕಡೆಗೆ ವಾಪಸು ಬರುತ್ತವೆ. ಅರ್ಧದಷ್ಟು ಕಣ್ಣು ನನ್ನ ಮೇಲೆ ಬಂದಾಗ ನಾನು ಮುಂದಿನ ಮಾತು ಶುರು ಮಾಡುತ್ತೇನೆ. ಉಳಿದವರು ಆ ಮಾತಿನ ಜೊತೆಗೇ ಬಂದು ಸೇರಿಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ನಾನು ಮಾತು ಹೇಳಿದ ಕೂಡಲೇ ಒಬ್ಬರು ಪಕ್ಕದವರ ಕಡೆ ಬಾಗಿದರು ಎಂದಿಟ್ಟುಕೊಳ್ಳಿ. ಅವರು ಜೋಕ್ ವಿವರಿಸುತ್ತಿರಬಹುದು, ಇಲ್ಲ ನಾನು ಏನು ಹೇಳಿದೆ ಎಂದು ಕೇಳುತ್ತಿರಬಹುದು. ಪಕ್ಕದವರು ನಕ್ಕರೆ ಸರಿ, ವಿವರಣೆ ಮುಟ್ಟಿತು. ಪಕ್ಕದವರೂ ತಲೆ ಅಲ್ಲಾಡಿಸಿದರೆ ನನ್ನ ಉಚ್ಚಾರ ಹೋಗಿದೆ ಎಂದು ಅರ್ಥ. ಆಗ ಅದೇ ಮಾತನ್ನು ಬೇರೆ ಶಬ್ದದಲ್ಲಿ ಇನ್ನೊಮ್ಮೆ ಹೇಳುತ್ತೇನೆ.

ಇದೆಲ್ಲ ಆಗಬೇಕಾದರೆ ನೀವು ನನಗೆ ಕಾಣಬೇಕು. ಸ್ಟ್ಯಾಂಡಪ್ ಅಂದ ಕೂಡಲೇ ಲೈಟಿನವರು ಸಭೆಯನ್ನು ಪೂರ್ತಿ ಕತ್ತಲೆ ಮಾಡಿ ಒಂದೇ ಸ್ಪಾಟ್‌ಲೈಟನ್ನು ಮುಖಕ್ಕೆ ಬಿಡುತ್ತಾರೆ. ಎಲ್ಲ ಕಡೆ ಅದೇ ಪದ್ಧತಿ. ನನಗೆ ಅದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಕೇಳುವುದಿಲ್ಲ, ಈಗ ಕಾಣುವುದೂ ಇಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಮೊದಲ ಬೇಡಿಕೆ ಇದೇ, ಸಭೆಯ ಲೈಟ್ ಅರ್ಧವಾದರೂ ಇರಲಿ. ಕುರ್ಚಿಗಳನ್ನು ಉದ್ದಕ್ಕೆ ಹಿಂದೆ ಹಿಂದೆ ಹಾಕಬೇಡಿ, ಅರ್ಧ ಸುತ್ತಿನಲ್ಲಿ ಹಾಕಿ. ಮುಂದಿನ ಸಾಲನ್ನು ಗಣ್ಯರಿಗೆ ಎಂದು ಖಾಲಿ ಬಿಡಬೇಡಿ. ಗಣ್ಯರು ತಡವಾಗಿ ಬರುತ್ತಾರೆ, ಬೇಗ ಹೋಗುತ್ತಾರೆ. ನಾನು ಖಾಲಿ ಕುರ್ಚಿ ನೋಡಿಕೊಂಡು ಜೋಕ್ ಹೇಳಬೇಕಾಗುತ್ತದೆ.

ನನ್ನ ಸ್ವರ ನನಗೆ ಕೇಳುವುದಿಲ್ಲ. ಮೈಕಿನಲ್ಲಿ ಜೋರಾಯಿತಾ, ಮೆತ್ತಗಾಯಿತಾ ತಿಳಿಯುವುದಿಲ್ಲ. ಅಕ್ಕ ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಅಂಗೈ ಕೆಳಗೆ ಮಾಡಿದರೆ ಸಣ್ಣ ಮಾಡು ಎಂದು. ಬೆರಳನ್ನು ಕಿವಿಗೆ ಮುಟ್ಟಿಸಿದರೆ ಮಾತು ಅಸ್ಪಷ್ಟವಾಯಿತು ಎಂದು. ನಿಧಾನ ಬೇಕಾದರೆ ಮುಷ್ಟಿ. ಈ ಮೂರೇ ಗುರುತು. ಜಾಸ್ತಿ ಇಟ್ಟುಕೊಂಡರೆ ನಾನು ಅವಳನ್ನೇ ನೋಡುತ್ತಾ ಉಳಿದವರನ್ನು ಬಿಟ್ಟುಬಿಡುತ್ತೇನೆ.

ಮರದ ಹಲಗೆಯ ಸ್ಟೇಜು ಸಿಕ್ಕಿದರೆ ಚಪ್ಪಲಿ ಕಳಚುತ್ತೇನೆ. ಸಭೆ ಕಾಲು ನೆಲಕ್ಕೆ ಬಡಿದು ನಕ್ಕರೆ ಅಂಗಾಲಿಗೆ ಸ್ವಲ್ಪ ಬರುತ್ತದೆ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಎಂಬವರು ಜಗತ್ತಿನ ದೊಡ್ಡ ವಾದ್ಯಗಾರ್ತಿ, ಡ್ರಮ್ ಮುಂತಾದ ಬಡಿಯುವ ವಾದ್ಯಗಳನ್ನು ನುಡಿಸುವವರು. ಅವರೂ ಕಿವುಡಿ. ಸ್ಟೇಜಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ, ನಾದವನ್ನು ಮೈಯಲ್ಲಿ ತೆಗೆದುಕೊಳ್ಳುತ್ತಾರೆ. ಅವರ ವಿಷಯ ಓದಿದಾಗ ನನಗೆ ಚೆಂಡೆ ನೆನಪಾಯಿತು. ಚಿಕ್ಕವಳಿದ್ದಾಗ ಚೆಂಡೆಯ ಪಕ್ಕ ಕೂತರೆ ಎದೆಯೊಳಗೆ ಅದು ಬಡಿಯುತ್ತಿತ್ತು. ಸಿಮೆಂಟ್ ಸ್ಟೇಜಿನಲ್ಲಿ ಏನೂ ಬರುವುದಿಲ್ಲ. ಈಗ ಎಲ್ಲ ಊರಿನಲ್ಲೂ ಸಿಮೆಂಟ್ ಸ್ಟೇಜೇ.

ಸಭೆಯಲ್ಲಿ ಕಿವುಡರೂ ಕೇಳುವವರೂ ಒಟ್ಟಿಗೆ ಇದ್ದಾಗ ಇಂಟರ್‌ಪ್ರಿಟರ್ ಬೇಕು. ನಾನು ಬಾಯಲ್ಲಿ ಹೇಳಿದ್ದನ್ನು ಅವರು ಸಂಜ್ಞೆಯಲ್ಲಿ ಹೇಳುತ್ತಾರೆ. ಅದಕ್ಕೆ ಒಂದೆರಡು ಸೆಕೆಂಡು ಬೇಕು. ಹಾಗಾಗಿ ನಗು ಎರಡು ಸಲ ಬರುತ್ತದೆ, ಮೊದಲು ಕೇಳುವವರದ್ದು, ಆಮೇಲೆ ಕಿವುಡರದ್ದು. ನಾನು ಎರಡನೆಯದಕ್ಕೂ ಕಾಯಲೇಬೇಕು. ಕಾಯದಿದ್ದರೆ ನಾನೂ ಅದೇ ಊಟದ ಪಂಕ್ತಿ ಮಾಡಿದ ಹಾಗಾಯಿತು.

ಕೆಲವು ಸಲ ನಾನು ಬೇಕೆಂದೇ ಅದನ್ನು ತಿರುಗಿಸುತ್ತೇನೆ. ನಾನು ಸಂಜ್ಞೆಯಲ್ಲಿ ಮಾಡುತ್ತೇನೆ, ಇಂಟರ್‌ಪ್ರಿಟರ್ ಅದನ್ನು ಬಾಯಲ್ಲಿ ಹೇಳುತ್ತಾರೆ. ಆಗ ಕಿವುಡರು ಮೊದಲು ನಗುತ್ತಾರೆ. ಆ ಒಂದೆರಡು ಸೆಕೆಂಡು ಕೇಳುವವರು ಅವರ ನಗುವನ್ನು ನೋಡುತ್ತಾ ಕೂರಬೇಕು. ಏನು, ಏನು ಎಂದು ಅವರ ಮುಖದಲ್ಲಿ ಬರುತ್ತದೆ. ಆ ಪ್ರಶ್ನೆ ನನಗೆ ಚಿಕ್ಕಂದಿನಿಂದ ಗೊತ್ತು. ಇದನ್ನು ನಾನು ಸೇಡಿಗಾಗಿ ಮಾಡುವುದಲ್ಲ. ವಿವರಿಸಿ ಹೇಳಿದರೆ ಅರ್ಥವಾಗದ್ದು ಆ ಎರಡು ಸೆಕೆಂಡಿನಲ್ಲಿ ಅರ್ಥವಾಗುತ್ತದೆ ಎಂದು ಮಾಡುತ್ತೇನೆ.

ಇಂಟರ್‌ಪ್ರಿಟರ್ ಕೆಲಸ ಸುಲಭದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದಾಗ ದೇಶವೆಲ್ಲ ನೋಡಿತು. ಜೋಕಿನಲ್ಲಿ ಇನ್ನೊಂದು ಕಷ್ಟ ಇದೆ. ಪಂಚ್‌ಲೈನ್, ಅಂದರೆ ನಗಿಸುವ ಕೊನೆಯ ಮಾತು, ಏನು ಎಂದು ಮೊದಲೇ ಗೊತ್ತಿಲ್ಲದಿದ್ದರೆ ಅದಕ್ಕೆ ತಯಾರಿ ಮಾಡುವ ಮಾತನ್ನು ಸರಿಯಾಗಿ ಇಡಲಿಕ್ಕೆ ಆಗುವುದಿಲ್ಲ. ಹಾಗಾಗಿ ನಾವಿಬ್ಬರೂ ಕೂತು ಇಡೀ ಸೆಟ್, ಅಂದರೆ ಸ್ಟೇಜಿನಲ್ಲಿ ಹೇಳುವ ಜೋಕುಗಳ ಸಾಲು, ಮಾಡಿ ನೋಡುತ್ತೇವೆ. ಶಬ್ದದ ಮೇಲೆ ನಿಂತ ಜೋಕುಗಳನ್ನು ತೆಗೆದು ಹಾಕುತ್ತೇವೆ. ಪ್ರಾಸ, ಎರಡರ್ಥದ ಮಾತು, ಇವೆಲ್ಲ ಕೈಗೆ ಬರುವುದಿಲ್ಲ. ಮನುಷ್ಯರ ನಡತೆಯ ಮೇಲೆ ನಿಂತ ಜೋಕುಗಳು ಬರುತ್ತವೆ. ನನ್ನ ಸೆಟ್ ಇದರಿಂದ ಒಳ್ಳೆಯದಾಯಿತು ಎಂದೇ ನನಗೆ ಅನ್ನಿಸುತ್ತದೆ.

ಸಂಜ್ಞೆ ಭಾಷೆಯಲ್ಲಿ ಕಾಮಿಡಿ ಮಾಡುವುದು ಇನ್ನೂ ಬೇರೆ ಲೋಕ. ಅದು ಸುಮ್ನೆ ಕೈಸನ್ನೆ ಅಲ್ಲ, ವ್ಯಾಕರಣ ಇರುವ ಭಾಷೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಶಿಕ್ಷಕರ ಸಮ್ಮೇಳನ ಸೇರಿ, ಕಿವುಡ ಮಕ್ಕಳಿಗೆ ಕೈಭಾಷೆ ಬೇಡ, ಬಾಯಿಮಾತೇ ಕಲಿಸಬೇಕು ಎಂದು ತೀರ್ಮಾನ ಮಾಡಿತು. ಅದರ ನೆರಳು ಎಷ್ಟೋ ದೇಶದ ಶಾಲೆಗಳ ಮೇಲೆ ನೂರು ವರ್ಷ ಇತ್ತು. 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೂ ಉಳಿದ ಭಾಷೆಗಳ ಹಾಗೆ ಒಳಗಿನ ಕಟ್ಟು ಇದೆ ಎಂದು ತೋರಿಸಿದರು. ನಮ್ಮ ದೇಶದಲ್ಲಿ ಭಾರತೀಯ ಸಂಜ್ಞೆ ಭಾಷೆಗಾಗಿ ದೆಹಲಿಯಲ್ಲಿ ಸಂಶೋಧನಾ ಕೇಂದ್ರ ಬಂದದ್ದು 2015ರಲ್ಲಿ. ಅವರ ನಿಘಂಟು 2021ರಲ್ಲಿ 10,000 ಪದಗಳಿಗೆ ಮುಟ್ಟಿತು.

ಈ ಭಾಷೆಯಲ್ಲಿ ಮುಖವೇ ಅರ್ಧ ವ್ಯಾಕರಣ. ಹುಬ್ಬು ಏರಿಸಿದರೆ ಅದೇ ವಾಕ್ಯ ಪ್ರಶ್ನೆ ಆಗುತ್ತದೆ. ಎಲ್ಲಿ, ಯಾರು, ಏನು ಎನ್ನುವುದು ವಾಕ್ಯದ ಕೊನೆಗೆ ಬರುತ್ತದೆ. ಕಾಮಿಡಿಗೆ ಅದು ವರ, ತಿರುವು ಕೊನೆಯಲ್ಲೇ ಇರುತ್ತದೆ. ಬಾಯಲ್ಲಿ ಮಾಡುವವರು ಬೇರೆ ಬೇರೆ ಪಾತ್ರಕ್ಕೆ ಸ್ವರ ಬದಲಿಸುತ್ತಾರೆ. ನಾವು ಭುಜ ಬದಲಿಸುತ್ತೇವೆ. ಸ್ವಲ್ಪ ಎಡಕ್ಕೆ ತಿರುಗಿದರೆ ನಾನು ಬಸ್ಸಿನ ಕಂಡಕ್ಟರ್, ಬಲಕ್ಕೆ ತಿರುಗಿದರೆ ಪ್ರಯಾಣಿಕ. ನಡುವೆ ಒಂದು ಮಾತೂ ಬೇಡ.

ನನ್ನ ಸೆಟ್‌ನಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ. ನನಗೆ ಕೇಳುವುದಿಲ್ಲ ಎಂದು ಗೊತ್ತಾದ ಕೂಡಲೇ ಅವರು ಕಿವಿಯ ಹತ್ತಿರ ಬಂದು ಕೂಗುತ್ತಾರೆ. ಕಿವಿಯ ಹತ್ತಿರ ಬಂದರೆ ತುಟಿ ಕಾಣುವುದಿಲ್ಲ. ನಾನು ತುಟಿ ನೋಡಲು ಮುಖ ತಿರುಗಿಸುತ್ತೇನೆ. ಅವರು ಮತ್ತೆ ಕಿವಿ ಹುಡುಕಿಕೊಂಡು ಬರುತ್ತಾರೆ. ಹೀಗೆ ಇಬ್ಬರೂ ಸುತ್ತು ಹೊಡೆಯುತ್ತೇವೆ. ಬಾಯಲ್ಲಿ ಹೇಳುವಾಗ ಇದು ಚಿಕ್ಕ ಜೋಕ್. ಸಂಜ್ಞೆಯಲ್ಲಿ ಮಾಡಿದರೆ ಐದು ನಿಮಿಷ ನಡೆಯುತ್ತದೆ. ಕಿವುಡರ ಸಭೆಯಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಅಂಥ ದೊಡ್ಡಮ್ಮ ಇರುತ್ತಾರೆ. ಕಿವುಡರು ಚಪ್ಪಾಳೆ ತಟ್ಟುವುದಿಲ್ಲ, ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಾರೆ. ಆ ಚಪ್ಪಾಳೆ ಮಾತ್ರ ನನಗೆ ಪೂರ್ತಿ ಸಿಗುತ್ತದೆ.

ಈ ದಾರಿಯಲ್ಲಿ ನಾನು ಮೊದಲಿನವಳಲ್ಲ. ಅಮೆರಿಕದ ಸಿ. ಜೆ. ಜೋನ್ಸ್ ಏಳನೇ ವಯಸ್ಸಿನಲ್ಲಿ ನನ್ನ ಹಾಗೇ ಜ್ವರ ಬಂದು ಕಿವುಡರಾದವರು, ದಶಕಗಳಿಂದ ಸಂಜ್ಞೆಯಲ್ಲಿ ನಗಿಸುತ್ತಿದ್ದಾರೆ. ಕ್ಯಾಥಿ ಬಕ್ಲಿ ಎಂಬವರನ್ನು ಚಿಕ್ಕವರಿದ್ದಾಗ ಬುದ್ಧಿಮಾಂದ್ಯರ ಶಾಲೆಗೆ ಹಾಕಿದ್ದರು. ಕಿವಿ ಕೇಳುವುದಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಅವರು 1988ರಲ್ಲಿ ಸ್ಟ್ಯಾಂಡಪ್‌ಗೆ ಬಂದು ಹೆಸರು ಮಾಡಿದರು. ಬ್ರಿಟನ್ನಿನ ಗ್ಯಾವಿನ್ ಲಿಲ್ಲಿ ದೇಶ ದೇಶ ತಿರುಗಿ ಕಿವುಡರ ಸಭೆಗಳಲ್ಲಿ ಶೋ ಮಾಡುತ್ತಾರೆ. ನಾನು ಇವರ ವಿಡಿಯೋ ನೋಡಿಯೇ ಕಲಿತೆ.

ಈಗ ಸ್ವಲ್ಪ ಕಠಿಣವಾಗಿ ಒಂದು ಮಾತು ಹೇಳಬೇಕು. ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಡಿಸೆಂಬರ್ 3ಕ್ಕೆ ಕರೆಯುತ್ತಾರೆ. ಅದು ಅಂಗವಿಕಲರ ದಿನ. ಶಾಲು ಹೊದೆಸುತ್ತಾರೆ, ಸ್ಫೂರ್ತಿ ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಜೋಕ್ ಹೇಳಿದರೆ ನಗುವುದಿಲ್ಲ. ನಗಬಹುದೋ ಬಾರದೋ ಎಂದು ಅನುಮಾನ. ಪಾಪ ಎನ್ನುವ ಭಾವ ಬಂದ ಕಡೆ ನಗು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಜಾಸ್ತಿ. ಕಾಸರಗೋಡು, ಅಂಗವೈಕಲ್ಯ ಎಂದ ಕೂಡಲೇ ಹೊರಗಿನವರಿಗೆ ಎಂಡೋಸಲ್ಫಾನ್ ಫೋಟೋಗಳು ನೆನಪಾಗುತ್ತವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿದದ್ದು 2000ದವರೆಗೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಆ ಮನೆಗಳವರು ಬೀದಿಗಿಳಿದು ನ್ಯಾಯ ಕೇಳಿದರು, ಕನಿಕರ ಕೇಳಲಿಲ್ಲ. ಆದರೆ ಹೊರಗೆ ಹೋದದ್ದು ಕಣ್ಣೀರಿನ ಫೋಟೋ. ನನ್ನ ಕಿವಿಗೂ ಅದಕ್ಕೂ ಸಂಬಂಧ ಇಲ್ಲ. ಆದರೂ ಬೇರೆ ಊರಿನಲ್ಲಿ ಕಾಸರಗೋಡಿನವಳು ಎಂದರೆ ಸಾಕು, ಜನರ ಮುಖ ಬಾಡುತ್ತದೆ. ಅಂಥ ಮುಖವನ್ನು ನಗಿಸಲಿಕ್ಕೆ ಬಹಳ ಹೊತ್ತು ಬೇಕು. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಕೇಳಿಸುವ ತೊಂದರೆ ಇರುವವರು ಸುಮಾರು 50 ಲಕ್ಷ. ಅಷ್ಟೂ ಜನ ದುಃಖದ ಮುಖ ಹೊತ್ತುಕೊಂಡೇ ಬದುಕುತ್ತಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ.

ನನ್ನನ್ನು ಜಾತ್ರೆಗೆ ಕರೆಯಿರಿ. ಶಾಲೆಯ ವಾರ್ಷಿಕೋತ್ಸವಕ್ಕೆ, ಕ್ಲಬ್ಬಿನ ಓಣಂ ಕಾರ್ಯಕ್ರಮಕ್ಕೆ, ಗಣೇಶೋತ್ಸವಕ್ಕೆ ಕರೆಯಿರಿ. ಬೇರೆ ಹಾಸ್ಯಗಾರರ ಸಾಲಿನಲ್ಲಿ ನಿಲ್ಲಿಸಿ. ಜೋಕ್ ಚೆನ್ನಾಗಿಲ್ಲದಿದ್ದರೆ ನಗಬೇಡಿ. ಅದು ನೀವು ನನಗೆ ಕೊಡುವ ಮರ್ಯಾದೆ. ಚೆನ್ನಾಗಿದ್ದರೆ ಭುಜ ಕುಲುಕಲಿ.

ಮಾತು ಮುಗಿದ ಮೇಲೆ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟರು. ಇಂಟರ್‌ಪ್ರಿಟರ್‌ಗೆ ಎಷ್ಟು ಕೊಡಬೇಕು ಎಂದು ಒಬ್ಬರು ಕೇಳಿದರು. ಮೈಕಿನವರಿಗೆ, ಪೆಂಡಾಲಿನವರಿಗೆ ಕೊಡುವಾಗ ಸೇವೆ ಎಂದು ಭಾವಿಸಿ ಬನ್ನಿ ಎಂದು ಯಾರೂ ಹೇಳುವುದಿಲ್ಲವಲ್ಲ, ಇಂಟರ್‌ಪ್ರಿಟರ್‌ಗೂ ಹೇಳಬೇಡಿ. ಕೆಲಸಕ್ಕೆ ತಕ್ಕ ದುಡ್ಡು ಕೊಡಿ, ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಹೇಳಿ.

ಇನ್ನೊಂದು ಚೀಟಿ ಒಬ್ಬರು ತಾಯಿಯದು. ಮಗನಿಗೆ ನಾಲ್ಕು ವರ್ಷ, ಕಿವಿ ಕೇಳುವುದಿಲ್ಲ, ಮೆಷಿನ್ ಹಾಕಿದ್ದಾರೆ. ಸಂಜ್ಞೆ ಕಲಿಸಿದರೆ ಅವನು ಮಾತಾಡುವುದೇ ಇಲ್ಲ ಎಂದು ಮನೆಯವರು ಹೆದರಿಸುತ್ತಿದ್ದಾರೆ, ನಿಜವಾ ಎಂದು ಬರೆದಿದ್ದರು. ನಿಜ ಅಲ್ಲ ಅಕ್ಕ. ಸಂಜ್ಞೆ ಮಾತನ್ನು ತಡೆಯುವುದಿಲ್ಲ. ಚಿಕ್ಕಂದಿನಲ್ಲಿ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಸಿಗುವುದು ಮುಖ್ಯ. ಅದು ಸಿಗದೆ ವರ್ಷಗಳು ಹೋದರೆ ಮಾತ್ರ ನಷ್ಟ. ಮೆಷಿನ್ ಹಾಕಿ, ಥೆರಪಿಗೂ ಕರೆದುಕೊಂಡು ಹೋಗಿ, ಸಂಜ್ಞೆಯನ್ನೂ ಕಲಿಸಿ. ನೀವೂ ಕಲಿಯಿರಿ. ದೆಹಲಿಯ ಕೇಂದ್ರದ ವಿಡಿಯೋಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. 2024ರ ಡಿಸೆಂಬರಿನಿಂದ ಕೇಂದ್ರ ಸರ್ಕಾರದ ಪಾಠದ ಟಿವಿ ಚಾನೆಲ್‌ಗಳಾದ ಪಿಎಂ ಇ-ವಿದ್ಯಾದ 31ನೇ ಚಾನೆಲ್ಲನ್ನು ಸಂಜ್ಞೆ ಭಾಷೆಗೆಂದೇ ಇಟ್ಟಿದ್ದಾರೆ. ಮನೆಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಅವನಿಗೆ ಆಗಲೇ ಹೇಳಿ. ಉಳಿದವರು ಎರಡು ನಿಮಿಷ ಕಾಯಲಿ.